ಉಪಾಧ್ಯಾಯನೊಬ್ಬನ ಮಂತ್ರಿಪದವಿ: ವಿಕ್ಟರ್ ದ್ಯುರೂಯಿ

ಗುರುಗಳು ರಾಜರಿಗೆ ಮಂತ್ರಾಲೋಚನೆ ಹೇಳಿದ ಕಥೆಗಳು ನಮ್ಮ ದೇಶಕ್ಕೆ ಹೊಸವಲ್ಲ. ಚಾಣಕ್ಯನ ಹೆಸರನ್ನು ಕೇಳದವರಿಲ್ಲ. ವಿದ್ಯಾರಣ್ಯರನ್ನು ವಿಜಯನಗರದ ಪರಂಪರೆಯು ಇಂದಿಗೂ ಗೌರವದಿಂದ ಸ್ಮರಿಸುತ್ತದೆ. ಆದರೆ ಈ ಮಹನೀಯರು ರಾಜ್ಯತಂತ್ರವನ್ನು ಬಲ್ಲವರೆಂದು ಪ್ರಸಿದ್ಧರಾದವರು. ಗಂಟೆ ಹೊಡೆದೊಡನೆ ತರಗತಿಯೊಳಕ್ಕೆ ಹೋಗಿ, ಹುಡುಗರ ಬರಹಗಳನ್ನು ತಿದ್ದಿ, ತಿಂಗಳ ಸಂಬಳದಲ್ಲಿ ಸಂಸಾರವನ್ನು ಸಾಗಿಸುವ ಸಾಮಾನ್ಯ ಉಪಾಧ್ಯಾಯನೊಬ್ಬನ ಕೈಗೆ ಒಂದು ದೊಡ್ಡ ರಾಜ್ಯದ ವಿದ್ಯಾಭ್ಯಾಸವೆಲ್ಲವೂ ಒಂದು ದಿನ ಬಂದು ಬಿದ್ದರೆ ಆತನು ಏನು ಮಾಡಿಯಾನು? ಹತ್ತೊಂಬತ್ತನೆಯ ಶತಮಾನದ ಫ್ರಾನ್ಸು ದೇಶದಲ್ಲಿ ಇದು ನಿಜವಾಗಿಯೂ ನಡೆಯಿತು. ಆ ಉಪಾಧ್ಯಾಯನ ಹೆಸರು ವಿಕ್ಟರ್ ದ್ಯುರೂಯಿ. 1863ರಿಂದ 1869ರ ವರೆಗೆ ಆರು ವರ್ಷಗಳ ಕಾಲ ಈತನು ಮೂರನೆಯ ನೆಪೋಲಿಯನ್ ಚಕ್ರವರ್ತಿಯ ವಿದ್ಯಾಮಂತ್ರಿಯಾಗಿದ್ದನು. ಈತನ ವೃತ್ತಾಂತವನ್ನು ನಾವು ಈ ಹೊತ್ತು ಸ್ವಲ್ಪ ವಿಚಾರಿಸೋಣ.

ದ್ಯುರೂಯಿಯು ಹುಟ್ಟಿದ್ದು 1811ನೆಯ ಇಸವಿ ಸೆಪ್ಟೆಂಬರ್ ತಿಂಗಳಲ್ಲಿ, ಪ್ಯಾರಿಸ್ ನಗರದಲ್ಲಿ. ಆ ನಗರದ ಗೊಬ್ಲಾಂ ಎಂಬ ಸ್ಥಳದಲ್ಲಿ ಅರಮನೆಗಳ ಗೋಡೆಗಳಿಗೆ ತೂಗುಹಾಕುವ ಚಿತ್ರವಸ್ತ್ರಗಳನ್ನು ನೇಯುವ ಪ್ರಸಿದ್ಧವಾದ ಸರ್ಕಾರಿ ಕಾರ್ಖಾನೆಯುಂಟು. ದ್ಯುರೂಯಿಯ ಮನೆತನದವರು ತಲೆಮಾರುಗಳಿಂದ ಅಲ್ಲಿ ಕೆಲಸಗಾರರು. ಬಾಲಕನೂ ಅದೇ ಕಸಬನ್ನು ಕಲಿಯಲು ತೊಡಗಿದನು. ಆದರೆ ಆತನ ಬುದ್ಧಿಯ ಚುರುಕು ಹಿರಿಯರ ಕಣ್ಣಿಗೆ ಬಿದ್ದು, ವಿದ್ಯಾರ್ಥಿವೇತನದ ಸಹಾಯದಿಂದ ಒಂದು ಒಳ್ಳೆಯ ವಿದ್ಯಾಶಾಲೆಯಲ್ಲಿ ಓದುವ ಅವಕಾಶವಾಯಿತು. ಅಲ್ಲಿಂದ ಮುಂದೆ, ಪ್ರೌಢಶಾಲೆಗಳ ಉಪಾಧ್ಯಾಯರನ್ನು ತರಪೇತುಗೊಳಿಸುವ 'ಎಕೋಲ್ ನಾರ್ಮಾಲ್' ಎಂಬ ಸಂಸ್ಥೆಯನ್ನು 1830ರಲ್ಲಿ ಸೇರಿದನು. ಅಲ್ಲಿ ಆತನಿಗೆ ಚರಿತ್ರೆಯ ಗುರುವಾಗಿ ದೊರೆತವನು ಮಹಾ ಇತಿಹಾಸಕಾರನಾದ ಮಿಶ್ಲೆ. ಶಿಷ್ಯನು ಕೆಲವು ಕಾಲ ಗುರುವಿನ ಕಾರ್ಯದರ್ಶಿಯಾಗಿ ಆತನೊಡನೆ ದೇಶಸಂಚಾರವನ್ನೂ ಮಾಡಿದನು. ಮಗ್ಗದ ಮನೆಯ ಹುಡುಗನಿಗೆ ವಿದ್ಯೆಯ ಬಾಗಿಲು ತೆರೆದದ್ದು ಒಂದು ವಿದ್ಯಾರ್ಥಿವೇತನ. ಈ ಮಾತನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಆತನ ಮುಂದಿನ ಕೆಲಸಗಳ ಬೀಜವು ಇಲ್ಲಿಯೇ ಇದ್ದಿತು.

1833ರಲ್ಲಿ ಉಪಾಧ್ಯಾಯವೃತ್ತಿಯನ್ನು ಕೈಕೊಂಡ ದ್ಯುರೂಯಿಯು, ಸ್ವಲ್ಪ ಕಾಲ ರೀಮ್ಸ್ ಪಟ್ಟಣದಲ್ಲಿ ಪಾಠ ಹೇಳಿ, ಬಳಿಕ ಪ್ಯಾರಿಸಿನ ವಿದ್ಯಾಶಾಲೆಗಳಿಗೆ ಬಂದು ಕಾಲು ಶತಮಾನಕ್ಕೂ ಹೆಚ್ಚು ಕಾಲ ಚರಿತ್ರೆಯನ್ನು ಬೋಧಿಸಿದನು. ನಡುವೆ 1836ರಲ್ಲಿ ಗುರುವಿಗೆ ಬದಲಾಗಿ ಎಕೋಲ್ ನಾರ್ಮಾಲಿನಲ್ಲಿಯೂ ಉಪನ್ಯಾಸ ಮಾಡಿದನು. ಆದರೆ ದೇಹಾಲಸ್ಯದಿಂದ ಅದನ್ನು ಬಿಡಬೇಕಾಯಿತು. ಉಪಾಧ್ಯಾಯನ ಸಂಬಳ ಅಂದೂ ಸಾಲುತ್ತಿರಲಿಲ್ಲ. ಬಡತನವನ್ನು ನೀಗುವುದಕ್ಕಾಗಿ ಆತನು ಪಠ್ಯಪುಸ್ತಕಗಳನ್ನು ಬರೆಯಲಾರಂಭಿಸಿದನು. ಹೊಟ್ಟೆಪಾಡಿಗೆಂದು ಕೈಗೊಂಡ ಈ ಕೆಲಸವೇ ಆತನ ಹೆಸರನ್ನು ದೇಶದ ಮೂಲೆಮೂಲೆಗೂ ಒಯ್ದಿತು. ರೋಮನರ ಚರಿತ್ರೆಯನ್ನು ಕುರಿತ ಆತನ ದೊಡ್ಡ ಗ್ರಂಥದ ಮೊದಲ ಎರಡು ಸಂಪುಟಗಳು 1843 ಮತ್ತು 1844ರಲ್ಲಿ ಹೊರಬಂದುವು. ಪಂಡಿತರು ಮೆಚ್ಚಿದರು, ಆದರೂ ಆತನು ತರಗತಿಯಲ್ಲಿಯೇ ಉಳಿದನು. ಐವತ್ತು ವರ್ಷ ತುಂಬುವವರೆಗೆ ಆತನಿಗೆ ಯಾವ ದೊಡ್ಡ ಅಧಿಕಾರವೂ ಬರಲಿಲ್ಲ.

ಅಧಿಕಾರ ಬಂದದ್ದು ವಿಚಿತ್ರವಾದ ದಾರಿಯಿಂದ. ಫ್ರಾನ್ಸಿನ ಚಕ್ರವರ್ತಿಯಾಗಿದ್ದ ಮೂರನೆಯ ನೆಪೋಲಿಯನ್ನನಿಗೆ ಜೂಲಿಯಸ್ ಸೀಸರನ ಚರಿತ್ರೆಯನ್ನು ಬರೆಯುವ ಹಂಬಲವಿದ್ದಿತು. ರೋಮಿನ ವಿಷಯವನ್ನು ಬಲ್ಲವರು ಯಾರೆಂದು ವಿಚಾರಿಸಿದಾಗ ದ್ಯುರೂಯಿಯ ಹೆಸರು ಕೇಳಿಬಂದಿತು. ಅರಮನೆಗೆ ಕರೆ ಬಂದಿತು. ಸೀಸರನ ವಿಷಯವಾಗಿ ಮಾತುಕತೆಗಳು ನಡೆದುವು. ಈ ಉಪಾಧ್ಯಾಯನು ಮುಖಸ್ತುತಿ ಮಾಡದೆ ತನ್ನ ಅಭಿಪ್ರಾಯವನ್ನು ನೇರವಾಗಿ ಹೇಳುವವನೆಂಬುದು ಚಕ್ರವರ್ತಿಗೆ ಮನದಟ್ಟಾಯಿತು. ಮೊದಲು ವಿದ್ಯಾಶಾಲೆಗಳ ತನಿಖೆಯ ಅಧಿಕಾರ, ಬಳಿಕ ಇನ್ಸ್‌ಪೆಕ್ಟರ್ ಜನರಲ್ ಪದವಿ ದೊರೆತುವು. 1863ರ ಜೂನ್ 23ರಲ್ಲಿ, ಆತನು ರಾಜಧಾನಿಯಿಂದ ದೂರದಲ್ಲಿ ತನಿಖೆಯ ಪ್ರವಾಸದಲ್ಲಿದ್ದಾಗಲೇ, ವಿದ್ಯಾಮಂತ್ರಿಯಾಗಿ ನೇಮಕವಾಯಿತು. ಆತನಿಗೆ ಪಕ್ಷವೆಂಬುದಿರಲಿಲ್ಲ, ಶಾಸನಸಭೆಯಲ್ಲಿ ಬೆಂಬಲಿಗರ ಗುಂಪಿರಲಿಲ್ಲ, ಹಣವಂತರ ಸ್ನೇಹವಿರಲಿಲ್ಲ. ಚಕ್ರವರ್ತಿಯ ವಿಶ್ವಾಸವೊಂದೇ ಆತನ ಆಧಾರ. ಇದೇ ಆತನ ಬಲವೂ ಆಯಿತು, ಬಲಹೀನತೆಯೂ ಆಯಿತು.

ಆತನು ಬಂದಾಗ ವಿದ್ಯಾಭ್ಯಾಸದ ಸ್ಥಿತಿ ಹೇಗಿದ್ದಿತು? 1833ರಲ್ಲಿ, ಪ್ರಾಧ್ಯಾಪಕನಾಗಿದ್ದು ಮಂತ್ರಿಯಾದ ಗೀಜೋ ಎಂಬ ಮತ್ತೊಬ್ಬ ಚರಿತ್ರಕಾರನು ಪ್ರತಿಯೊಂದು ಗ್ರಾಮಸಂಸ್ಥೆಯೂ ಗಂಡುಮಕ್ಕಳಿಗೆ ಒಂದು ಪಾಠಶಾಲೆಯನ್ನು ಇಡಬೇಕೆಂದು ಶಾಸನ ಮಾಡಿದ್ದನು. 1850ರ ಫಾಲೂ ಶಾಸನವು 800 ಜನಕ್ಕೆ ಮೇಲ್ಪಟ್ಟ ಊರುಗಳಲ್ಲಿ ಹೆಣ್ಣುಮಕ್ಕಳಿಗೂ ಶಾಲೆಯಿರಬೇಕೆಂದು ವಿಧಿಸಿತು. ಅದರೊಡನೆಯೇ ಕ್ರೈಸ್ತಮತದ ಗುರುಗಳಿಗೆ ವಿದ್ಯಾಭ್ಯಾಸದಲ್ಲಿ ಬಹಳ ಅಧಿಕಾರವನ್ನೂ ಕೊಟ್ಟಿತು. ಪುರುಷ ಉಪಾಧ್ಯಾಯನು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಗಿದ್ದ ಕಡೆ, ಸಂನ್ಯಾಸಿನಿಯು ತನ್ನ ಮಠದ ಅಪ್ಪಣೆಪತ್ರವೊಂದರಿಂದಲೇ ಪಾಠ ಹೇಳಬಹುದಾಗಿದ್ದಿತು. 1852ರಲ್ಲಿ, ಸಾಮ್ರಾಜ್ಯವು ತಲೆಯೆತ್ತಿದ ಹೊಸತರಲ್ಲಿ, ಪ್ರೌಢಶಾಲೆಗಳಲ್ಲಿ ತತ್ತ್ವಶಾಸ್ತ್ರದ ಬೋಧನೆಯನ್ನು ಕುಗ್ಗಿಸಿ, ಅದನ್ನು ಬೋಧಿಸುವವರ ಉನ್ನತ ಪರೀಕ್ಷೆಯನ್ನೇ ನಿಲ್ಲಿಸಿದರು. ಆಲೋಚಿಸುವುದನ್ನು ಕಲಿತ ಯುವಕರು ಪ್ರಶ್ನೆ ಕೇಳುತ್ತಾರೆಂಬ ಭಯವು ಇದಕ್ಕೆ ಕಾರಣ. ಹದಿನಾಲ್ಕು ವರ್ಷದ ಹುಡುಗನು ಸಾಹಿತ್ಯ ಅಥವಾ ವಿಜ್ಞಾನ, ಎರಡರಲ್ಲೊಂದನ್ನು ಆಗಲೇ ಆರಿಸಿಕೊಳ್ಳಬೇಕೆಂಬ ನಿಯಮವೂ ಅದೇ ವರ್ಷ ಬಂದಿತು.

ಈ ಕಟ್ಟುಗಳ ಕೆಳಗೆ ಹತ್ತು ವರ್ಷ ದುಡಿದಿದ್ದ ದ್ಯುರೂಯಿಗೆ ನೋವು ಎಲ್ಲಿದೆಯೆಂಬುದು ಗೊತ್ತಿದ್ದಿತು. ಪದವಿಗೆ ಬಂದ ವರ್ಷವೇ ತತ್ತ್ವಶಾಸ್ತ್ರಕ್ಕೆ ಅದರ ಹಿಂದಿನ ಸ್ಥಾನವನ್ನೂ ಪರೀಕ್ಷೆಯನ್ನೂ ಮರಳಿ ಕೊಟ್ಟನು. ವಿಷಯಗಳನ್ನು ಎಳೆಯ ವಯಸ್ಸಿನಲ್ಲಿಯೇ ಇಬ್ಭಾಗ ಮಾಡುವ ಪದ್ಧತಿಯನ್ನು ಬೇಗನೆ ತೆಗೆದುಹಾಕಿದನು. ಆಧುನಿಕ ಭಾಷೆಗಳಿಗೆ ಹೆಚ್ಚು ಅವಕಾಶವನ್ನು ಕಲ್ಪಿಸಿದನು. ಇವೆಲ್ಲಕ್ಕಿಂತಲೂ ಧೈರ್ಯದ ಕೆಲಸವೆಂದರೆ ಸಮಕಾಲೀನ ಚರಿತ್ರೆಯನ್ನು ತರಗತಿಯೊಳಕ್ಕೆ ತಂದದ್ದು. ಅಥೆನ್ಸಿನ ಕಾನೂನುಗಳನ್ನೂ ರೋಮಿನ ಸೇನಾನಿಗಳನ್ನೂ ಬಲ್ಲ ವಿದ್ಯಾರ್ಥಿಗೆ ತನ್ನ ತಂದೆಯ ಕಾಲದಲ್ಲಿ ದೇಶವು ಕಂಡ ಕ್ರಾಂತಿಗಳ ವಿಷಯ ತಿಳಿಯದಿದ್ದರೆ, ಆತನು ತನ್ನ ಊರಿನಲ್ಲಿಯೇ ಪರದೇಶಿಯಾಗುವನೆಂಬುದು ದ್ಯುರೂಯಿಯ ವಾದ. ಚಕ್ರವರ್ತಿಯ ಆಳ್ವಿಕೆಯನ್ನೇ ಪಾಠದ ವಿಷಯವಾಗಿ ಮಾಡುವುದರಲ್ಲಿ ಎರಡು ಅಪಾಯಗಳಿದ್ದುವು: ಉಪಾಧ್ಯಾಯನು ಆಳುವವರನ್ನು ಹೊಗಳಲು ಬಳಸಿಕೊಳ್ಳಬಹುದು, ಇಲ್ಲವೆ ತೆಗಳಲು ಬಳಸಿಕೊಳ್ಳಬಹುದು. ವಿರೋಧಿಗಳು ಎರಡನ್ನೂ ಹೇಳಿದರು. ದ್ಯುರೂಯಿಯು ಉಪಾಧ್ಯಾಯರನ್ನು ನಂಬಿದನು.

ಪ್ರೌಢವಿದ್ಯೆಯಲ್ಲಿ ಆತನು ತೆರೆದ ಇನ್ನೊಂದು ದಾರಿ ವ್ಯವಹಾರಸ್ಥರ ಮಕ್ಕಳಿಗಾಗಿ. ಆ ದಿನಗಳಲ್ಲಿ ಪ್ರೌಢಶಾಲೆಯೆಂದರೆ ಲ್ಯಾಟಿನ್ ಮತ್ತು ಗ್ರೀಕ್. ಅಂಗಡಿ, ಕಾರ್ಖಾನೆ, ಹೊಲಗದ್ದೆಗಳಿಗೆ ಹಿಂತಿರುಗಬೇಕಾದ ಹುಡುಗರು ಕೆಲವು ವರ್ಷ ಲ್ಯಾಟಿನ್ ವ್ಯಾಕರಣವನ್ನು ಉರುಹೊಡೆದು, ಅದನ್ನೂ ಪೂರೈಸದೆ, ಬೇರೆಯದನ್ನೂ ಕಲಿಯದೆ ಹೊರಬೀಳುತ್ತಿದ್ದರು. 1865ರ ಜೂನ್ 21ರ ಶಾಸನವು ಲ್ಯಾಟಿನ್ನಿಲ್ಲದ 'ವಿಶೇಷ' ಪ್ರೌಢವಿದ್ಯಾಭ್ಯಾಸವನ್ನು ಏರ್ಪಡಿಸಿತು. ಅದರಲ್ಲಿ ದೇಶಭಾಷೆ, ಗಣಿತ, ವಿಜ್ಞಾನ, ಜೀವಂತ ಭಾಷೆಗಳು, ಲೆಕ್ಕಪತ್ರ ಮೊದಲಾದುವು ಮುಖ್ಯವಾದುವು. ಇದಕ್ಕೆ ಬೇಕಾದ ಉಪಾಧ್ಯಾಯರನ್ನು ತಯಾರಿಸುವುದಕ್ಕಾಗಿ 1866ರಲ್ಲಿ ಕ್ಲೂನಿ ಎಂಬ ಊರಿನ ಪುರಾತನ ಮಠದ ಕಟ್ಟಡದಲ್ಲಿ ಒಂದು ತರಪೇತು ಶಾಲೆಯನ್ನು ತೆರೆದರು. ಸಂಸ್ಕೃತ ಬಾರದವನು ವಿದ್ಯಾವಂತನೇ ಅಲ್ಲವೆಂದೂ, ಇಂಗ್ಲಿಷ್ ಬಾರದವನು ಯಾವುದಕ್ಕೂ ಬಾರನೆಂದೂ ಒಂದೊಂದು ಕಾಲಕ್ಕೆ ಒಂದೊಂದು ತೀರ್ಪನ್ನು ಕೇಳಿರುವ ನಮಗೆ ಈ ವಿವಾದದ ಸ್ವರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದರೆ ದ್ಯುರೂಯಿಯ ಹೃದಯವಿದ್ದದ್ದು ಪ್ರಾಥಮಿಕ ವಿದ್ಯೆಯಲ್ಲಿ. ಮಂತ್ರಿಯಾದೊಡನೆ ಆತನು ಅಂಕಿ ಅಂಶಗಳನ್ನು ಕೂಡಿಸಲು ತೊಡಗಿದನು. ಎಷ್ಟು ಮಕ್ಕಳು ಶಾಲೆಯನ್ನೇ ಕಂಡಿಲ್ಲ, ಶಾಲೆಗೆ ಬಂದವರಲ್ಲಿ ಎಷ್ಟು ಮಂದಿ ಓದುಬರಹ ಬಾರದೆ ಹಿಂತಿರುಗುತ್ತಾರೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿದನು. ಈ ವಿಚಾರಣೆಯ ಫಲವಾಗಿ, ಪ್ರಾಥಮಿಕ ವಿದ್ಯೆಯು ಎಲ್ಲ ಮಕ್ಕಳಿಗೂ ಕಡ್ಡಾಯವೂ ಉಚಿತವೂ ಆಗಬೇಕೆಂಬ ನಿರ್ಧಾರಕ್ಕೆ ಬಂದು ಚಕ್ರವರ್ತಿಗೆ ಒಂದು ದೀರ್ಘವಾದ ವರದಿಯನ್ನು ಒಪ್ಪಿಸಿದನು. 1865ರ ಮಾರ್ಚ್ ತಿಂಗಳಲ್ಲಿ ಈ ವರದಿಯು ಸರ್ಕಾರದ ಪತ್ರಿಕೆಯಲ್ಲಿಯೇ ಅಚ್ಚಾಯಿತು. ದೇಶವೆಲ್ಲ ಬೆರಗಾಯಿತು. ಉಳಿದ ಮಂತ್ರಿಗಳು ಕಿಡಿಕಿಡಿಯಾದರು; ಇಷ್ಟೊಂದು ವೆಚ್ಚವನ್ನು ಯಾರು ಹೊರುವರೆಂದು ಹಣಕಾಸಿನವರು ಕೇಳಿದರು; ತಂದೆಯ ಹಕ್ಕನ್ನು ಸರ್ಕಾರವು ಕಿತ್ತುಕೊಳ್ಳುತ್ತದೆಯೆಂದು ಧರ್ಮಗುರುಗಳು ಗುಡುಗಿದರು. ಕೂಡಲೇ ಅದೇ ಪತ್ರಿಕೆಯಲ್ಲಿ ಮತ್ತೊಂದು ಪ್ರಕಟಣೆ ಬಂದಿತು: ವರದಿಯಲ್ಲಿರುವುದು ಮಂತ್ರಿಯ ಸ್ವಂತ ಅಭಿಪ್ರಾಯವೇ ಹೊರತು ಸರ್ಕಾರದ ಅಭಿಪ್ರಾಯವಲ್ಲ.

ಮಂತ್ರಿಯೊಬ್ಬನಿಗೆ ಇದಕ್ಕಿಂತ ಹೆಚ್ಚಿನ ಅವಮಾನವೇನಿದೆ? ಆತ್ಮಗೌರವವುಳ್ಳವನು ರಾಜೀನಾಮೆ ಕೊಡಬೇಕಾಗಿದ್ದಿತೆಂದು ಹೇಳುವವರು ಉಂಟು. ದ್ಯುರೂಯಿಯು ಪದವಿಯಲ್ಲಿಯೇ ಉಳಿದನು. ಹಾಗೆ ಉಳಿದದ್ದು ಸರಿಯೇ ತಪ್ಪೇ ಎಂಬುದನ್ನು ತೀರ್ಮಾನಿಸಬೇಕಾದರೆ ಆತನು ಮುಂದೆ ಏನು ಮಾಡಿದನೆಂಬುದನ್ನು ನೋಡಬೇಕು. ಎರಡು ವರ್ಷಗಳ ಬಳಿಕ, 1867ರ ಏಪ್ರಿಲ್ 10ರಂದು, ಒಂದು ಹೊಸ ಶಾಸನವು ಜಾರಿಗೆ ಬಂದಿತು. ಇದರಲ್ಲಿ 'ಕಡ್ಡಾಯ'ವೆಂಬ ಮಾತಿರಲಿಲ್ಲ. ಆದರೆ 500 ಜನಕ್ಕೆ ಮೇಲ್ಪಟ್ಟ ಪ್ರತಿಯೊಂದು ಊರೂ ಹೆಣ್ಣುಮಕ್ಕಳ ಶಾಲೆಯನ್ನು ತೆರೆಯಬೇಕಾಯಿತು. ಯಾವ ಊರು ತನ್ನ ಶಾಲೆಯನ್ನು ಉಚಿತವಾಗಿ ನಡೆಸಲು ಇಷ್ಟಪಡುತ್ತದೆಯೋ ಆ ಊರು ಅದಕ್ಕಾಗಿ ತೆರಿಗೆಯನ್ನು ಹಾಕಿಕೊಳ್ಳಬಹುದಾಯಿತು. ಬಡ ಮಕ್ಕಳನ್ನು ಶಾಲೆಗೆ ಬರಮಾಡಿಕೊಳ್ಳುವುದಕ್ಕೂ, ಹಾಜರಿಗೆ ಪ್ರೋತ್ಸಾಹ ಕೊಡುವುದಕ್ಕೂ ಊರೂರಿನಲ್ಲಿ ಶಾಲಾನಿಧಿಯನ್ನು ಸ್ಥಾಪಿಸಲು ಅನುಮತಿ ದೊರೆಯಿತು. ದೇಶದ ಚರಿತ್ರೆ ಮತ್ತು ಭೂಗೋಳಗಳು ಪ್ರಾಥಮಿಕ ಶಾಲೆಗಳಲ್ಲಿ ಆವಶ್ಯಕ ವಿಷಯಗಳಾದುವು. ಮುಂಬಾಗಿಲು ಮುಚ್ಚಿದ್ದುದರಿಂದ ದ್ಯುರೂಯಿಯು ಹಿತ್ತಿಲ ಬಾಗಿಲಿನಿಂದ ಮನೆಯನ್ನು ಹೊಕ್ಕನು.

ದೊಡ್ಡವರನ್ನೂ ಆತನು ಮರೆಯಲಿಲ್ಲ. ಹಗಲೆಲ್ಲ ದುಡಿದ ಕೂಲಿಗಾರರೂ ರೈತರೂ ರಾತ್ರಿ ದೀಪದ ಬೆಳಕಿನಲ್ಲಿ ಅಕ್ಷರ ಕಲಿಯುವ ತರಗತಿಗಳಿಗೆ ಆತನ ಪ್ರೋತ್ಸಾಹದಿಂದ ಹೊಸ ಜೀವ ಬಂದು, ಕೆಲವೇ ವರ್ಷಗಳಲ್ಲಿ ಅವುಗಳ ಸಂಖ್ಯೆ ಸುಮಾರು 30,000ಕ್ಕೆ ಏರಿತು. ಈ ತರಗತಿಗಳನ್ನು ನಡೆಸಿದವರು ಹಗಲು ಮಕ್ಕಳಿಗೆ ಪಾಠ ಹೇಳಿ ದಣಿದಿದ್ದ ಹಳ್ಳಿಯ ಉಪಾಧ್ಯಾಯರೇ. ಅವರಲ್ಲಿ ಹಲವರಿಗೆ ಇದರಿಂದ ಹೊಗಳಿಕೆಯ ಹೊರತು ಹೆಚ್ಚೇನೂ ದೊರೆಯಲಿಲ್ಲ. ತಮ್ಮವನೊಬ್ಬನು ಮಂತ್ರಿಯಾಗಿದ್ದಾನೆಂಬ ಅಭಿಮಾನವು ಅವರನ್ನು ಎಷ್ಟು ದುಡಿಸಿತೆಂಬುದನ್ನು ಯಾವ ಅಂಕಿಯೂ ಹೇಳಲಾರದು. ಪಟ್ಟಣಗಳಲ್ಲಿ ಸಾರ್ವಜನಿಕ ಉಪನ್ಯಾಸಗಳು ಮೊದಲಾದುವು. 1864ರ ಏಪ್ರಿಲ್ 7ರ ಸಾಯಂಕಾಲ ಪ್ಯಾರಿಸಿನ ಸೊರ್ಬೊನ್ ವಿದ್ಯಾಪೀಠದಲ್ಲಿ, ಕೊಳೆಯುವ ದ್ರವ್ಯದಲ್ಲಿ ಜೀವಿಗಳು ತಮ್ಮಷ್ಟಕ್ಕೆ ತಾವೇ ಹುಟ್ಟುವುದಿಲ್ಲವೆಂಬುದನ್ನು ಪಾಸ್ತರನು ಪ್ರಯೋಗಸಹಿತವಾಗಿ ಜನರ ಮುಂದೆ ತೋರಿಸಿದ್ದು ಇಂತಹ ಒಂದು ಉಪನ್ಯಾಸದಲ್ಲಿಯೇ. ಪಂಡಿತರ ವಿಷಯವನ್ನು ಜನಸಾಮಾನ್ಯರ ಕಿವಿಗೆ ಮುಟ್ಟಿಸುವ ಈ ಪರಿಪಾಠಕ್ಕೆ, ಮನೆಯಲ್ಲಿ ಕುಳಿತು ಭಾಷಣಗಳನ್ನು ಆಲಿಸುವ ನಾವೂ ಒಂದು ವಿಧದಲ್ಲಿ ವಾರಸುದಾರರು.

ಈಗ ದ್ಯುರೂಯಿಯ ಮೇಲೆ ಅತ್ಯಂತ ದೊಡ್ಡ ಬಿರುಗಾಳಿಯನ್ನೆಬ್ಬಿಸಿದ ಕೆಲಸಕ್ಕೆ ಬರೋಣ. 1867ರ ಅಕ್ಟೋಬರಿನಲ್ಲಿ ಆತನು ಊರುಗಳ ಪುರಸಭೆಗಳ ನೆರವಿನಿಂದ ಯುವತಿಯರಿಗೆ ಪ್ರೌಢವಿದ್ಯೆಯ ತರಗತಿಗಳನ್ನು ತೆರೆಯಬೇಕೆಂದು ಸುತ್ತೋಲೆ ಕಳುಹಿಸಿದನು. ಪಾಠ ಹೇಳತಕ್ಕವರು ಗಂಡುಮಕ್ಕಳ ವಿದ್ಯಾಶಾಲೆಗಳ ಪ್ರಾಧ್ಯಾಪಕರು. ಯುವತಿಯರು ತಾಯಂದಿರೊಡನೆ ಬಂದು ಕುಳಿತು ಕೇಳಬಹುದಾಗಿದ್ದಿತು. ಇದುವರೆಗೆ ಮಧ್ಯಮ ವರ್ಗದ ಹೆಣ್ಣುಮಕ್ಕಳ ವಿದ್ಯೆಯು ಬಹುಮಟ್ಟಿಗೆ ಮಠಗಳ ಕೈಯಲ್ಲಿದ್ದಿತು. ಆರ್ಲೇಅಂ ನಗರದ ಬಿಷಪ್ಪನಾದ ದ್ಯುಪಾನ್ಲೂ ಎಂಬ ಪ್ರಚಂಡ ವಾಗ್ಮಿಯು ಇದರ ವಿರುದ್ಧ ಕರಪತ್ರಗಳನ್ನು ಬರೆದನು. ಅನೇಕ ಬಿಷಪ್ಪರು ಆತನೊಡನೆ ಸೇರಿದರು. ರೋಮಿನಿಂದ ಪೋಪರೂ ಆತನನ್ನು ಶ್ಲಾಘಿಸಿದರು. ಹೆಣ್ಣು ಓದಿದರೆ ಮನೆ ಕೆಡುತ್ತದೆ, ಶ್ರದ್ಧೆ ಅಳಿಯುತ್ತದೆ ಎಂಬ ಮಾತುಗಳೇ ಅಲ್ಲಿಯೂ ಕೇಳಿಬಂದುವು. ಯೂಜಿನೀ ಚಕ್ರವರ್ತಿನಿಯು ಸ್ವತಃ ದೈವಭಕ್ತಳಾಗಿದ್ದರೂ, ತನ್ನ ಸೋದರಿಯ ಇಬ್ಬರು ಹೆಣ್ಣುಮಕ್ಕಳನ್ನು ಸೊರ್ಬೊನಿನ ತರಗತಿಗಳಿಗೆ ಕಳುಹಿಸಿ ಮಂತ್ರಿಗೆ ಬೆಂಬಲ ತೋರಿದಳು. ಆದರೂ ಬಹಳ ಊರುಗಳಲ್ಲಿ ತರಗತಿಗಳು ಬಾಳಲಿಲ್ಲ. ಬೆದರಿದ ತಾಯಂದಿರು ಹಿಂಜರಿದರು. ಹೆಣ್ಣುಮಕ್ಕಳು ಮಠಗಳಿಗೇ ಮರಳಿದರು.

ಉನ್ನತ ವಿದ್ಯೆಗೆ ದ್ಯುರೂಯಿಯ ಕಾಣಿಕೆಯು ಅತ್ಯಂತ ಸ್ಥಿರವಾದುದು. ಫ್ರಾನ್ಸಿನ ಪ್ರಾಧ್ಯಾಪಕರು ಆಗ ಸೊಗಸಾಗಿ ಉಪನ್ಯಾಸ ಮಾಡುತ್ತಿದ್ದರು. ಜರ್ಮನಿಯ ಪ್ರಾಧ್ಯಾಪಕರು ಶಿಷ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂಶೋಧನೆ ಮಾಡಿಸುತ್ತಿದ್ದರು. 1866ರಲ್ಲಿ ಸಾಡೋವಾ ಕದನದಲ್ಲಿ ಪ್ರಷ್ಯವು ಆಸ್ಟ್ರಿಯವನ್ನು ಸೋಲಿಸಿದಾಗ, ಗೆದ್ದವನು ಪ್ರಷ್ಯದ ಉಪಾಧ್ಯಾಯನೆಂಬ ಮಾತು ಯೂರೋಪಿನಲ್ಲೆಲ್ಲ ಹರಡಿತು. 1868ರ ಜುಲೈ 31ರಂದು ದ್ಯುರೂಯಿಯು 'ಎಕೋಲ್ ಪ್ರಾತೀಕ್ ದೇ ಓತ್ ಎತ್ಯೂದ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಗಣಿತ, ಭೌತರಸಾಯನಗಳು, ಜೀವಶಾಸ್ತ್ರ, ಚರಿತ್ರೆ ಮತ್ತು ಭಾಷಾಶಾಸ್ತ್ರ ಎಂದು ಇದಕ್ಕೆ ನಾಲ್ಕು ವಿಭಾಗಗಳು. ಹೊಸ ಕಟ್ಟಡಕ್ಕೆ ಹಣವಿರಲಿಲ್ಲ. ಇದ್ದ ಪ್ರಯೋಗಶಾಲೆಗಳಲ್ಲಿಯೂ ಪುಸ್ತಕಭಂಡಾರದ ಕೊಠಡಿಗಳಲ್ಲಿಯೂ ಒಂದು ಮೇಜಿನ ಸುತ್ತ ಗುರುಶಿಷ್ಯರು ಕೂಡುವುದೇ ಸಂಸ್ಥೆಯಾಯಿತು. ನಮಗೆ ವಿಶೇಷವಾಗಿ ಪ್ರಿಯವಾದ ಸಂಗತಿಯೆಂದರೆ, ಸಂಸ್ಕೃತವು ಮೊದಲಿನಿಂದಲೂ ಇಲ್ಲಿ ಕಲಿಸುವ ವಿಷಯವಾಗಿದ್ದಿತು. ವೇದಗಳ ವಿದ್ವಾಂಸನಾದ ಬೆರ್ಗೇನ್ ಇಲ್ಲಿ ಪಾಠ ಹೇಳಿದನು; ಆತನ ಶಿಷ್ಯನಾದ ಸಿಲ್ವೇನ್ ಲೆವಿಯು ಮುಂದೆ ಶಾಂತಿನಿಕೇತನಕ್ಕೆ ಬಂದು ಕವಿ ರವೀಂದ್ರರ ಅತಿಥಿಯಾಗಿ 1921-22ರಲ್ಲಿ ಬೋಧಿಸಿದನು. ಆ ಸಂಸ್ಥೆಯು ಇಂದಿಗೂ ಪ್ಯಾರಿಸಿನಲ್ಲಿ ನಡೆಯುತ್ತಿದೆ.

ಇಷ್ಟನ್ನು ಹೇಳಿ ಮುಗಿಸಿದರೆ ನಾವು ಸ್ತುತಿಪಾಠಕರಾಗುತ್ತೇವೆಯೇ ಹೊರತು ಚರಿತ್ರಕಾರರಾಗುವುದಿಲ್ಲ. ದ್ಯುರೂಯಿಯ ಆಡಳಿತಕ್ಕೆ ಅಂಟಿದ ಒಂದು ಕಲೆಯನ್ನೂ ಹೇಳಬೇಕು. ಎರ್ನೆಸ್ಟ್ ರೆನಾನ್ ಎಂಬ ಮಹಾವಿದ್ವಾಂಸನು ಕೊಲೇಜ್ ದ ಫ್ರಾನ್ಸ್ ಎಂಬ ವಿದ್ಯಾಪೀಠದಲ್ಲಿ ಹೀಬ್ರೂ ಭಾಷೆಯ ಪ್ರಾಧ್ಯಾಪಕನಾಗಿದ್ದನು. 1862ರ ಮೊದಲನೆಯ ಉಪನ್ಯಾಸದಲ್ಲಿಯೇ ಯೇಸುವನ್ನು ಅಸದೃಶನಾದ ಮಾನವನೆಂಬ ಅರ್ಥದಲ್ಲಿ ಬಣ್ಣಿಸಿದ್ದರಿಂದ ಧರ್ಮಗುರುಗಳು ಕೆರಳಿ, ಆತನ ಪಾಠಗಳು ನಿಂತುಹೋದುವು. ಇದು ದ್ಯುರೂಯಿಯು ಬರುವುದಕ್ಕೆ ಮುಂಚಿನ ಮಾತು. 1864ರಲ್ಲಿ ದ್ಯುರೂಯಿಯು ಆತನಿಗೆ ಸರ್ಕಾರದ ಪುಸ್ತಕಭಂಡಾರದಲ್ಲಿ ಬೇರೊಂದು ಹುದ್ದೆಯನ್ನು ಕೊಟ್ಟು ತೊಡಕನ್ನು ಬಿಡಿಸಲು ಯತ್ನಿಸಿದನು. ರೆನಾನನು ಅದನ್ನು ತಿರಸ್ಕರಿಸಿದನು, ಪ್ರಾಧ್ಯಾಪಕಪದವಿಯೂ ಹೋಯಿತು. ಸಾಮ್ರಾಜ್ಯವು ಬಿದ್ದ ಮೇಲೆ, 1870ರಲ್ಲಿ, ಆತನ ಪೀಠವು ಆತನಿಗೆ ಮರಳಿತು. ಆಲೋಚನೆಯ ಸ್ವಾತಂತ್ರ್ಯಕ್ಕಾಗಿ ತತ್ತ್ವಶಾಸ್ತ್ರವನ್ನು ಶಾಲೆಗೆ ಮರಳಿ ತಂದ ಮಂತ್ರಿಯೇ ಆ ಸ್ವಾತಂತ್ರ್ಯವನ್ನು ಬಳಸಿದ ಪ್ರಾಧ್ಯಾಪಕನನ್ನು ಕಾಪಾಡಲಿಲ್ಲ. ಒಬ್ಬನೇ ಒಡೆಯನ ಕೃಪೆಯಿಂದ ಅಧಿಕಾರವನ್ನು ಪಡೆದವನು ತೆರಬೇಕಾದ ಕಂದಾಯವಿದು.

ಆ ಕೃಪೆಯೂ ಶಾಶ್ವತವಾಗಿರಲಿಲ್ಲ. 1869ರ ಚುನಾವಣೆಗಳ ಬಳಿಕ ಚಕ್ರವರ್ತಿಯು ಮಂತ್ರಿಮಂಡಲವನ್ನು ಬದಲಾಯಿಸಬೇಕಾಯಿತು. ಬಹಳ ಶತ್ರುಗಳನ್ನು ಸಂಪಾದಿಸಿದ್ದ ದ್ಯುರೂಯಿಯನ್ನು ಜುಲೈ ತಿಂಗಳಲ್ಲಿ ಬಿಟ್ಟುಕೊಟ್ಟು, ಸೆನೆಟ್ ಸಭೆಯ ಸದಸ್ಯತ್ವವನ್ನು ಕೊಟ್ಟು ಸಮಾಧಾನಪಡಿಸಿದನು. ಮರುವರ್ಷ ಪ್ರಷ್ಯದೊಡನೆ ಯುದ್ಧ, ಸಾಮ್ರಾಜ್ಯದ ಪತನ, ಪ್ಯಾರಿಸಿನ ಮುತ್ತಿಗೆ. ಆಗ ಐವತ್ತೊಂಬತ್ತು ವರ್ಷದ ಮಾಜಿ ಮಂತ್ರಿಯು ರಾಷ್ಟ್ರೀಯ ರಕ್ಷಕದಳದಲ್ಲಿ ಹೆಸರು ಬರೆಯಿಸಿಕೊಂಡನು. ಅನಂತರ ರಾಜಕೀಯಕ್ಕೆ ಮರಳುವ ಒಂದು ಪ್ರಯತ್ನವು 1876ರಲ್ಲಿ ವಿಫಲವಾಗಲು, ತನ್ನ ರೋಮನರ ಬಳಿಗೇ ಹಿಂತಿರುಗಿದನು. ಆ ಗ್ರಂಥವು ಬೆಳೆದು ಏಳು ಸಂಪುಟಗಳಾಯಿತು. 1884ರಲ್ಲಿ ಫ್ರೆಂಚ್ ಅಕಾಡೆಮಿಯು ಆತನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು. 1894ರ ನವೆಂಬರಿನಲ್ಲಿ ಆತನು ತೀರಿಕೊಂಡನು.

ಆದರೆ ಆತನು ಬದುಕಿದ್ದಾಗಲೇ ಆತನ ಸೋಲುಗಳು ಒಂದೊಂದಾಗಿ ಗೆಲವುಗಳಾದುವು. 1880ರ ಡಿಸೆಂಬರಿನಲ್ಲಿ ಕಾಮೀಯ್ ಸೇ ಎಂಬವನ ಶಾಸನದಿಂದ ಹೆಣ್ಣುಮಕ್ಕಳಿಗೆ ಸರ್ಕಾರದ ಪ್ರೌಢಶಾಲೆಗಳು ಸ್ಥಾಪಿತವಾದುವು. ಜ್ಯೂಲ್ ಫೆರಿಯು 1881ರಲ್ಲಿ ಪ್ರಾಥಮಿಕ ವಿದ್ಯೆಯನ್ನು ಉಚಿತವಾಗಿಯೂ, 1882ರಲ್ಲಿ ಕಡ್ಡಾಯವಾಗಿಯೂ ಮಾಡಿದನು. ಫೆರಿಯ ಹೆಸರು ಫ್ರಾನ್ಸಿನ ಶಾಲೆಶಾಲೆಯ ಬಾಗಿಲ ಮೇಲಿದೆ; ದ್ಯುರೂಯಿಯ ಹೆಸರನ್ನು ಬಲ್ಲವರು ಕಡಿಮೆ. ಶಾಸನಸಭೆಯ ಬಹುಮತವು ಬೆನ್ನ ಹಿಂದಿದ್ದ ಫೆರಿಗೆ ಸಾಧ್ಯವಾದದ್ದು, ಅರಮನೆಯ ವಿಶ್ವಾಸವೊಂದನ್ನೇ ನೆಚ್ಚಿದ್ದ ದ್ಯುರೂಯಿಗೆ ಸಾಧ್ಯವಾಗಲಿಲ್ಲ. ಆದರೆ ಫೆರಿಯು ಬಿತ್ತಿದ ಹೊಲವನ್ನು ಉತ್ತಿದ್ದವನು ಯಾರೆಂಬುದು ಚರಿತ್ರೆಗೆ ಗೊತ್ತಿದೆ.

ನಮ್ಮ ದೇಶದಲ್ಲಿಯೂ ಇಂತಹುದೇ ಒಂದು ವೃತ್ತಾಂತ ನಡೆದಿದೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಚಕ್ರಾಧಿಪತ್ಯದ ಶಾಸನಸಭೆಯಲ್ಲಿ ಪ್ರಾಥಮಿಕ ವಿದ್ಯೆಯ ಮಸೂದೆಯನ್ನು ಮಂಡಿಸಿದರು. ಅದೂ ಒಮ್ಮೆಲೇ ಎಲ್ಲೆಡೆಯೂ ಕಡ್ಡಾಯವನ್ನು ಹೇರುವುದಾಗಿರಲಿಲ್ಲ. ಸಿದ್ಧವಾಗಿರುವ ಊರುಗಳು ಮೊದಲು ಕೈಹಾಕಲೆಂಬ ಮೆಲ್ಲಡಿಯ ಕ್ರಮ. 1912ರಲ್ಲಿ ಅದು ಬಿದ್ದುಹೋಯಿತು. ಆದರೆ ದೇಶೀಯ ಸಂಸ್ಥಾನಗಳಲ್ಲಿ ಬಡೋದೆಯು 1906ರಲ್ಲಿಯೇ ಕಡ್ಡಾಯ ವಿದ್ಯೆಯನ್ನು ತಂದಿದ್ದಿತು. ಮೈಸೂರು 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವನ್ನು ಮಾಡಿ, ಆಯ್ದ ಸ್ಥಳಗಳಲ್ಲಿ ಆ ದಾರಿಯನ್ನು ಹಿಡಿಯಿತು. ಪಾಠ ಹೇಳಿ ಅನುಭವವುಳ್ಳವರು ಎರಡು ದೇಶಗಳಲ್ಲಿ, ಅರ್ಧ ಶತಮಾನದ ಅಂತರದಲ್ಲಿ, ಒಂದೇ ಬಗೆಯ ಉಪಾಯವನ್ನು ಕಂಡದ್ದು ಆಕಸ್ಮಿಕವಲ್ಲವೆಂದು ನಮಗೆ ತೋರುತ್ತದೆ. ಒಂದೇ ದಿನದಲ್ಲಿ ತರಗತಿಯೆಲ್ಲ ಪಾಠವನ್ನು ಒಪ್ಪಿಸುವುದಿಲ್ಲವೆಂಬುದು ಉಪಾಧ್ಯಾಯನಿಗೆ ಗೊತ್ತಿರುತ್ತದೆ. ಕಲಿತವನನ್ನು ಮುಂದಕ್ಕೆ ಕಳುಹಿಸಿ, ಕಲಿಯದವನಿಗಾಗಿ ಮರುದಿನ ಮತ್ತೆ ಬರುವುದು ಆತನ ನಿತ್ಯದ ಅಭ್ಯಾಸ.

1865ರ ಅವಮಾನದ ದಿನ ದ್ಯುರೂಯಿಯು ರಾಜೀನಾಮೆಯಿತ್ತು ಹೊರಟಿದ್ದರೆ ಆತನ ಕೀರ್ತಿಯು ಇನ್ನೂ ನಿಷ್ಕಳಂಕವಾಗಿರುತ್ತಿದ್ದಿತೋ ಏನೋ. ಆದರೆ 1867ರ ಶಾಸನದಿಂದ ತೆರೆದ ಹೆಣ್ಣುಮಕ್ಕಳ ಶಾಲೆಗಳು ಆ ವರ್ಷ ತೆರೆಯುತ್ತಿರಲಿಲ್ಲ; ಆ ಶಾಲೆಗಳಲ್ಲಿ ಅಕ್ಷರ ಕಲಿತ ಬಾಲಿಕೆಯರು ಮತ್ತೆಷ್ಟು ವರ್ಷ ಕಾಯಬೇಕಾಗುತ್ತಿತ್ತೋ ಹೇಳಲಾಗದು. ಬೆಳೆಯುವ ಮಕ್ಕಳಿಗೆ ಕಾಯುವಷ್ಟು ವ್ಯವಧಾನವಿರುವುದಿಲ್ಲ. ಈ ಒಂದು ಮಾತನ್ನು ಮಂತ್ರಿಯಾದ ಮೇಲೂ ಆತನು ಮರೆಯದೆ ಇದ್ದುದರಿಂದಲೇ ಆತನನ್ನು ಉಪಾಧ್ಯಾಯನೆಂದು ಕರೆಯಲು ನಮಗೆ ಸಂತೋಷವಾಗುತ್ತದೆ.